ಮೈಯಲ್ಲಿ ಕೊಬ್ಬು ಎಷ್ಟಿದೆ ಅಂತ ತೋರಿಸುವ ಮನೆಯ ತೂಕದ ಯಂತ್ರ 29% ಅನ್ನುತ್ತದೆ, ಜಿಮ್‌ನದು 23%. ಯಾವುದನ್ನು ನಂಬಲಿ?

ಎರಡನ್ನೂ ಪೂರ್ತಿ ನಂಬಬೇಡಿ. ಅವು ನಿಮ್ಮ ಕೊಬ್ಬನ್ನು ಅಳೆಯುತ್ತಿಲ್ಲ, ಅಂದಾಜು ಹಾಕುತ್ತಿವೆ.

ನಾನೂ ಎರಡು ವರ್ಷದಿಂದ ಇಂಥದ್ದೇ ಯಂತ್ರ ಹತ್ತಿ ಇಳಿಯುತ್ತಿದ್ದೇನೆ. ಅದು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ನಮಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟ್ ಹರಿಸುತ್ತದೆ. ಸ್ನಾಯುವಿನಲ್ಲಿ ನೀರು ಜಾಸ್ತಿ, ಕರೆಂಟ್ ಸಲೀಸಾಗಿ ದಾಟುತ್ತದೆ, ಕೊಬ್ಬಿನಲ್ಲಿ ತಡೆಯುತ್ತದೆ. ಮಿಕ್ಕಿದ್ದೆಲ್ಲ ತೂಕ ಮತ್ತು ನೀವು ಆ್ಯಪ್‌ನಲ್ಲಿ ತುಂಬಿದ ಎತ್ತರ, ವಯಸ್ಸಿನ ಮೇಲೆ ಮಾಡಿದ ಲೆಕ್ಕ. ನಾನೊಮ್ಮೆ ಸುಮ್ನೆ ವಯಸ್ಸನ್ನು ಹತ್ತು ವರ್ಷ ಕಡಿಮೆ ಮಾಡಿದೆ, ಒಂದೇ ನಿಮಿಷದಲ್ಲಿ ಕೊಬ್ಬು ಕರಗಿತ್ತು! ಒಂದು ಲೀಟರ್ ನೀರು ಕುಡಿದು ತಕ್ಷಣ ಹತ್ತಿದರೆ ತೂಕ ಒಂದು ಕೆಜಿ ಏರುತ್ತದೆ, ಆದರೆ ಹೊಟ್ಟೆಯೊಳಗಿನ ಆ ನೀರು ಕಾಲಿನ ಕರೆಂಟಿನ ದಾರಿಗೆ ಸಿಗುವುದಿಲ್ಲ, ಹಾಗಾಗಿ ಪಾಪ ಯಂತ್ರ ಅದರಲ್ಲಿ ಹೆಚ್ಚಿನ ಪಾಲನ್ನು ಕೊಬ್ಬಿನ ಲೆಕ್ಕಕ್ಕೇ ಸೇರಿಸುತ್ತದೆ. ಕೈಯಲ್ಲೂ ಹಿಡಿಯುವ ಜಿಮ್‌ನ ಯಂತ್ರ ಸ್ವಲ್ಪ ವಾಸಿ, ಅಷ್ಟೇ.

ನಿಖರವಾಗಿಯೇ ಬೇಕು ಅಂದ್ರೆ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಎರಡು ಬಗೆಯ ಎಕ್ಸ್‌ರೇ ಬಿಟ್ಟು ಮೂಳೆ, ಕೊಬ್ಬು, ಉಳಿದ ಭಾಗವನ್ನು ಬೇರೆಬೇರೆಯಾಗಿ ತೋರಿಸುತ್ತದೆ. ಒಂದು ಎಚ್ಚರ: ಬರೀ ಡೆಕ್ಸಾ ಅಂದರೆ ಸಾಮಾನ್ಯವಾಗಿ ಸೊಂಟ, ಬೆನ್ನುಮೂಳೆಯ ಗಟ್ಟಿತನ ನೋಡಿ ಕಳಿಸುತ್ತಾರೆ. ‘ಹೋಲ್ ಬಾಡಿ ಕಾಂಪೋಸಿಷನ್’ ಅಂತಲೇ ಕೇಳಿ. ಗರ್ಭಿಣಿಯರಿಗೆ ಇದು ಬೇಡ.

ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ನೋಡಿಕೊಂಡರೆ ಸಾಲದಾ ಅಂದ್ರೆ, ನಮ್ಮವರಿಗಂತೂ ಸಾಲದು. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯಡ್ಕಿನ್ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿದ್ದರು. ಇಬ್ಬರ ಬಿಎಂಐ ಕೂಡ 22.3. ಡೆಕ್ಸಾದಲ್ಲಿ ಯಡ್ಕಿನ್ ಅವರ ಕೊಬ್ಬು 9.1%, ನಮ್ಮ ಯಾಜ್ಞಿಕ್ ಅವರದ್ದು 21.2%! ತೆಳ್ಳಗೆ ಕಂಡರೂ ಒಳಗೆ ಕೊಬ್ಬಿರುವುದು ನಮ್ಮ ಕಡೆ ಮಾಮೂಲು.

ಮನೆಯ ಯಂತ್ರವನ್ನು ಎಸೆಯಬೇಡಿ. ಬೆಳಗ್ಗೆ ಶೌಚ ಮುಗಿಸಿ, ಕಾಫಿಗೂ ಮುಂಚೆ, ಅದೇ ಯಂತ್ರದಲ್ಲೇ ನೋಡಿ. ಇವತ್ತಿನ ಅಂಕಿ ಬಿಡಿ, ಎರಡು ಮೂರು ತಿಂಗಳಲ್ಲಿ ಅದು ಯಾವ ಕಡೆ ಸಾಗಿದೆ ಅನ್ನುವುದು ಮುಖ್ಯ. ಜೊತೆಗೆ ಟೈಲರ್ ಟೇಪು ತಗೊಳ್ಳಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ ಅಳೆಯಿರಿ. ನಮ್ಮಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಿದರೆ ಸಕ್ಕರೆ, ಬಿಪಿ ಪರೀಕ್ಷೆ ಮಾಡಿಸಿಕೊಳ್ಳಿ. ಪ್ಯಾಂಟ್ ಸೈಜ್ 34 ಅಲ್ವಾ ಅಂತ ಸಮಾಧಾನ ಮಾಡಿಕೊಳ್ಳಬೇಡಿ, ನಾವು ಪ್ಯಾಂಟ್ ಕಟ್ಟುವುದು ಹೊಟ್ಟೆಯ ಕೆಳಗೆ.