4294967297 ಅವಿಭಾಜ್ಯವಲ್ಲ ಎಂದು ಕೈಲೆಕ್ಕದಲ್ಲೇ ತೋರಿಸುವುದು ಹೇಗೆ?

4294967297 ಅವಿಭಾಜ್ಯ ಸಂಖ್ಯೆಯಲ್ಲ ಅಂತ ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಹೇಗೆ ಗೊತ್ತಾಯಿತು, ಈ ಸಂಖ್ಯೆಯಲ್ಲಿ ಇನ್ನೇನಾದರೂ ವಿಶೇಷ ಇದೆಯಾ ಅಂತ ಕೇಳಿದ್ದೀರಿ. ನನಗೆ ಬಹಳ ಇಷ್ಟದ ಸಂಖ್ಯೆ ಇದು, ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

2ರ 32ನೇ ಘಾತಕ್ಕೆ 1 ಕೂಡಿಸಿದರೆ ಇದು ಬರುತ್ತದೆ. 32ರ ಬದಲು 1, 2, 4, 8, 16 ಇಟ್ಟರೆ 3, 5, 17, 257, 65537. ಐದೂ ಅವಿಭಾಜ್ಯ. ಮುಂದಿನವೂ ಹಾಗೆಯೇ ಇರುತ್ತವೆ ಎಂದು ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರಲ್ಲಿ ನಂಬಿದ್ದರು. ಆರನೆಯದೇ ಕೈಕೊಟ್ಟಿತು: ಅದು 641 × 6700417 ಎಂದು ಗಣಿತಜ್ಞ ಆಯ್ಲರ್ 1732ರಲ್ಲಿ ತೋರಿಸಿದರು. 65537ರ ನಂತರ ಈ ಸಾಲಿನಲ್ಲಿ ಇನ್ನೊಂದು ಅವಿಭಾಜ್ಯ ಇವತ್ತಿಗೂ ಸಿಕ್ಕಿಲ್ಲ.

3, 5, 7 ಅಂತ ಒಂದೊಂದರಿಂದಲೇ ಭಾಗಿಸುತ್ತಾ ಹೋದರೆ 641 ಸಿಗುವ ಹೊತ್ತಿಗೆ ನೂರಕ್ಕೂ ಹೆಚ್ಚು ಭಾಗಾಕಾರ ಮುಗಿದಿರುತ್ತದೆ. ಅಷ್ಟು ಬೇಕಿಲ್ಲ. 'ಪ' ಎಂಬ ಅವಿಭಾಜ್ಯ ನಮ್ಮ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುತ್ತದೆ ಅಂದುಕೊಳ್ಳಿ. ಆಗ 'ಪ'ದಿಂದ ಭಾಗಿಸಿದಾಗ 2ರ 32ನೇ ಘಾತಕ್ಕೆ ಶೇಷ −1 (ಅಂದರೆ ನಿಶ್ಶೇಷವಾಗಲು 1 ಕಡಿಮೆ), ಅದರ ವರ್ಗವಾದ 64ನೇ ಘಾತಕ್ಕೆ ಶೇಷ 1. 64ಕ್ಕಿಂತ ಚಿಕ್ಕ ಯಾವ ಘಾತಕ್ಕೂ 1 ಬರುವಂತಿಲ್ಲ. ಏಕೆಂದರೆ 1 ಬರುವುದು ಅಂಥ ಅತಿ ಚಿಕ್ಕ ಘಾತದ ಅಪವರ್ತ್ಯಗಳಿಗೆ ಮಾತ್ರ; ಆ ಘಾತ 64ಕ್ಕಿಂತ ಚಿಕ್ಕದಾಗಿ 64ನ್ನು ಭಾಗಿಸಿದರೆ 32ನ್ನೂ ಭಾಗಿಸುತ್ತದೆ, ಆಗ 32ಕ್ಕೂ 1 ಬರಬೇಕಾಗುತ್ತದೆ. ಇತ್ತ ಫರ್ಮಾ ಅವರದೇ ಇನ್ನೊಂದು ಪ್ರಮೇಯದಂತೆ (ಪ−1)ನೇ ಘಾತಕ್ಕೂ ಶೇಷ 1. ಹಾಗಾಗಿ ಪ−1 ಎನ್ನುವುದು 64ರ ಅಪವರ್ತ್ಯವೇ ಆಗಿರಬೇಕು. ಅಂಥ ಅವಿಭಾಜ್ಯಗಳನ್ನು ಬರೆಯುತ್ತಾ ಹೋಗಿ: 193, 257, 449, 577, 641. ಐದನೆಯದಕ್ಕೇ ಸಿಕ್ಕಿಬಿಟ್ಟಿತು! ಫರ್ಮಾ ಅವರ ಊಹೆಯನ್ನು ಮುರಿಯುವ ಸಾಧನ ಅವರ ಕೈಯಲ್ಲೇ ಇತ್ತಲ್ಲ ಎನ್ನುವುದು ನನಗೆ ಈಗಲೂ ಅಚ್ಚರಿ.

641 ಗೊತ್ತಾದ ಮೇಲಂತೂ ಭಾಗಾಕಾರವೇ ಬೇಡ. 641ರಲ್ಲಿ 1 ಕಳೆದರೆ 640, ಅಂದರೆ 2ರ 7ನೇ ಘಾತದ ಐದರಷ್ಟು. 641ರಿಂದ ಭಾಗಿಸಿದಾಗ ಇದಕ್ಕೆ ಶೇಷ −1. ಇದನ್ನು ನಾಲ್ಕನೇ ಘಾತಕ್ಕೆ ಏರಿಸಿದರೆ 625 × (2ರ 28ನೇ ಘಾತ), ಶೇಷ 1. ಆದರೆ 625 + 16 = 641, ಹಾಗಾಗಿ 625ರ ಜಾಗದಲ್ಲಿ −16 ಇಡಬಹುದು. 16 ಅಂದರೆ 2ರ 4ನೇ ಘಾತ; 28ಕ್ಕೆ 4 ಸೇರಿ 32. ಅಲ್ಲಿಗೆ 2ರ 32ನೇ ಘಾತಕ್ಕೆ ಶೇಷ −1, 1 ಕೂಡಿಸಿದರೆ ಸೊನ್ನೆ. ಪೆನ್ನು ಹಿಡಿದು ಒಮ್ಮೆ ಮಾಡಿ ನೋಡಿ, ಓದುವುದಕ್ಕಿಂತ ಮಾಡುವುದರಲ್ಲೇ ಇದರ ಖುಷಿ.

ಇನ್ನೊಂದು ಗುಣ ವರ್ಗಗಳದ್ದು. ಬೆಸ ಅವಿಭಾಜ್ಯವೊಂದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಬಂದರೆ ಒಂದೇ ಒಂದು ರೀತಿಯಲ್ಲಿ ಮಾತ್ರ ಬರುತ್ತದೆ. ಇದಕ್ಕೋ ಎರಡು ರೀತಿ ಇವೆ: 65536ರ ವರ್ಗ ಮತ್ತು 1ರ ವರ್ಗ ಕೂಡಿಸಿ, ಇಲ್ಲವೇ 62264ರ ವರ್ಗ ಮತ್ತು 20449ರ ವರ್ಗ ಕೂಡಿಸಿ. ಅಪವರ್ತನ ಯಾವುದೆಂದು ತಿಳಿಯದೆಯೂ ಅವಿಭಾಜ್ಯವಲ್ಲ ಎನ್ನಲು ಇಷ್ಟೇ ಸಾಕು.

ಇದಕ್ಕಿಂತ 2 ಕಡಿಮೆ ಇರುವ 4294967295 ಕೂಡ ಸೊಗಸಾಗಿದೆ: 3 × 5 × 17 × 257 × 65537, ಅಂದರೆ ಮೇಲಿನ ಐದರ ಗುಣಲಬ್ಧ. ಆ ಐದರಲ್ಲಿ ಯಾವುದರಿಂದಲಾದರೂ ನಮ್ಮ ಸಂಖ್ಯೆಯನ್ನು ಭಾಗಿಸಿದರೆ ಶೇಷ 2 ಉಳಿಯುತ್ತದೆ. ಹಾಗಾಗಿ 193ರಿಂದ ಶುರುವಾದ ಪಟ್ಟಿಯಲ್ಲಿ 257ನ್ನು ಪರೀಕ್ಷಿಸುವ ಅಗತ್ಯವೂ ಇಲ್ಲ, ನಾಲ್ಕೇ ಭಾಗಾಕಾರದಲ್ಲಿ ಕೆಲಸ ಮುಗಿಯುತ್ತದೆ.