ಓದುಗರ ಪತ್ರಕ್ಕೆ ಸಂಪಾದಕರ ಉತ್ತರ: ಅಲೆನ್ ಬಂದ ವರ್ಷದ ವಾದ

ಮಾನ್ಯರೇ,

ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಿಂದ ನೀವು ಬರೆದ ಪತ್ರ ತಲುಪಿದೆ. 2018ರ ಏಪ್ರಿಲ್‌ನಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಬಫಲೋ ಬಿಲ್ಸ್ ತಂಡ ಯಾವ ಕ್ವಾರ್ಟರ್‌ಬ್ಯಾಕ್‌ನನ್ನು (ಪಾಸ್ ಎಸೆದು ತಂಡದ ಆಕ್ರಮಣ ನಡೆಸುವ ಆಟಗಾರನನ್ನು) ಆರಿಸಿಕೊಳ್ಳಬೇಕೆಂದು ಗೆಳೆಯರ ನಡುವೆ ನಡೆದ ವಾದದಲ್ಲಿ ನೀವು ಜೋಶ್ ರೋಸೆನ್ ಪರ ನಿಂತಿರಿ, ತಂಡ ಜೋಶ್ ಅಲೆನ್ ಅವರನ್ನು ತಂದಿತು, ಅಂದಿನಿಂದ ಪ್ರತಿ ವರ್ಷ ಹೊಸ ಆಟಗಾರರ ಆಯ್ಕೆ, ಅಂದರೆ ಡ್ರಾಫ್ಟ್, ಹತ್ತಿರವಾದಾಗ ಗೆಳೆಯರು ನಿಮ್ಮ ಕಾಲೆಳೆಯುತ್ತಾರೆ. ಆ ದಿನ ಎದುರಿಗಿದ್ದ ಅಂಕಿಅಂಶಗಳನ್ನು ನೋಡಿದರೆ ನಿಮ್ಮ ವಾದ ಅಷ್ಟು ದಡ್ಡತನದ್ದಾಗಿತ್ತೇ ಎಂದು ಕೇಳಿದ್ದೀರಿ. ಅದರ ಹಿಂದಿನ ವರ್ಷ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಅವರನ್ನು ಆರಿಸುವ ಅವಕಾಶ ಬಿಟ್ಟುಕೊಟ್ಟದ್ದಕ್ಕೆ ಬಫಲೋ ಅಭಿಮಾನಿಗಳು ಇಂದಿಗೂ ಕೊರಗುವುದರಲ್ಲಿ ಅರ್ಥವಿದೆಯೇ ಎಂದೂ ಕೇಳಿದ್ದೀರಿ.

ಅಮೆರಿಕನ್ ಫುಟ್‌ಬಾಲ್ ನೋಡದ ಓದುಗರಿಗಾಗಿ ಒಂದು ಮಾತು. ಐಪಿಎಲ್ ಹರಾಜಿನಂತೆ ಅಲ್ಲಿನ ಡ್ರಾಫ್ಟ್‌ನಲ್ಲಿ ಹೆಚ್ಚು ಹಣ ಕೂಗಿದವರಿಗೆ ಆಟಗಾರ ದಕ್ಕುವುದಿಲ್ಲ. ಹಿಂದಿನ ಋತುವಿನಲ್ಲಿ ಅತಿ ಕೆಟ್ಟದಾಗಿ ಆಡಿದ ತಂಡಕ್ಕೆ ಕಾಲೇಜು ಆಟಗಾರರನ್ನು ಆರಿಸುವ ಮೊದಲ ಸರದಿ ಸಿಗುತ್ತದೆ, ಮತ್ತು ತಂಡಗಳು ಈ ಸರದಿಗಳನ್ನೇ ಪರಸ್ಪರ ಕೊಟ್ಟು ಕೊಳ್ಳಬಹುದು.

ನಿಮ್ಮ ವಾದ ದಡ್ಡತನದ್ದಾಗಿರಲಿಲ್ಲ. ವಯೋಮಿಂಗ್ ವಿಶ್ವವಿದ್ಯಾಲಯಕ್ಕೆ ಆಡುತ್ತಿದ್ದ ಅಲೆನ್ ಅವರ ತೋಳಿನ ಬಲದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಆದರೆ ಅವರು ಎಸೆದ ಪಾಸ್‌ಗಳಲ್ಲಿ ಗುರಿ ಮುಟ್ಟುತ್ತಿದ್ದದ್ದು ಶೇ 56ರಷ್ಟು ಮಾತ್ರ, ಅದೂ ದೊಡ್ಡ ತಂಡಗಳ ಎದುರು ಆಡುವ ಪ್ರಸಂಗ ಅಪರೂಪವಾಗಿದ್ದ ಕಡೆ. ಕಾಲೇಜಿನಲ್ಲಿ ಗುರಿ ತಪ್ಪುವವರು ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಬಂದು ಸುಧಾರಿಸುವುದು ಕಡಿಮೆ ಎಂಬುದು ವರ್ಷಗಳ ಅನುಭವದಿಂದ ಬಂದ ತಿಳಿವಳಿಕೆ; ಅದನ್ನು ನಂಬಿದ ನಿಮ್ಮನ್ನು ದೂರಲು ಕಾರಣ ಕಾಣುವುದಿಲ್ಲ. ಇತ್ತ ಯುಸಿಎಲ್‌ಎ ವಿಶ್ವವಿದ್ಯಾಲಯದ ರೋಸೆನ್ ಆ ವರ್ಷದ ಎಲ್ಲರಲ್ಲಿ ಹೆಚ್ಚು ಪಳಗಿದ ಕೈ ಎಂದು ಹಲವು ಪರಿಣತರೇ ಬರೆದಿದ್ದರು. ಅಲೆನ್ ಅವರ ಮೊದಲ ಋತುವಿನ ಕೊನೆಗೆ ಲೆಕ್ಕ ಹಾಕಿದ್ದರೂ ನಿಮ್ಮ ಮಾತೇ ಮೇಲಾಗುತ್ತಿತ್ತು, ಏಕೆಂದರೆ ಆಗ ಅವರ ಪ್ರಮಾಣ ಶೇ 52.8ಕ್ಕೆ ಇಳಿದಿತ್ತು. 2019ರಲ್ಲಿ ಅದು 58.8 ಆಯಿತು. 2020ರಲ್ಲಿ 69.2ಕ್ಕೆ ಏರಿತು, ಬಿಲ್ಸ್ 13 ಪಂದ್ಯ ಗೆದ್ದಿತು. 2024ರ ಋತುವಿಗೆ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯೂ ಅಲೆನ್ ಅವರಿಗೆ ಬಂತು.

ಈ ಏರಿಕೆ ಹೇಗಾಯಿತು ಎಂಬುದನ್ನು ನಿಮ್ಮ ಗೆಳೆಯರು ಹೇಳುವುದಿಲ್ಲವೆಂದು ನನ್ನ ಊಹೆ. 2018ರ ಬಿಲ್ಸ್ ತಂಡವನ್ನೊಮ್ಮೆ ನೆನಪಿಸಿಕೊಳ್ಳಿ. ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಲ್ಲುವ ಸಾಲಿನಲ್ಲಿ ಎರಿಕ್ ವುಡ್ ಕತ್ತಿನ ತೊಂದರೆಯಿಂದ ಆಟ ಬಿಟ್ಟಿದ್ದರು, ರಿಚಿ ಇನ್‌ಕಾಗ್ನಿಟೊ ಹೊರನಡೆದಿದ್ದರು, ಕಾರ್ಡಿ ಗ್ಲೆನ್ ಅವರನ್ನು ಡ್ರಾಫ್ಟ್‌ನಲ್ಲಿ ಮೇಲಿನ ಸರದಿ ಪಡೆಯಲು ಸಿನ್ಸಿನಾಟಿ ತಂಡಕ್ಕೆ ಕೊಟ್ಟಾಗಿತ್ತು. ಮೊದಲ ಪಂದ್ಯದಲ್ಲಿ ನೇಥನ್ ಪೀಟರ್‌ಮನ್ ಅವರನ್ನು ಇಳಿಸಿ 47–3ರಿಂದ ಸೋತ ತಂಡವದು. ಅಲ್ಲಿಂದ ಎರಡು ವರ್ಷಗಳಲ್ಲಿ ಆಡಳಿತ ಮಾಡಿದ ಕೆಲಸವನ್ನು ನೋಡಿ: 2019ರಲ್ಲಿ ಸಾಲಿನ ನಡುವೆ ಮಿಚ್ ಮೋರ್ಸ್ ಬಂದರು, ಪಾಸ್ ಹಿಡಿಯಲು ಜಾನ್ ಬ್ರೌನ್ ಮತ್ತು ಕೋಲ್ ಬೀಸ್ಲಿ ಬಂದರು, 2020ರಲ್ಲಿ ಮೊದಲ ಸುತ್ತಿನ ಸರದಿಯನ್ನೇ ತೆತ್ತು ಸ್ಟೆಫಾನ್ ಡಿಗ್ಸ್ ಅವರನ್ನು ತಂದರು. ಆಕ್ರಮಣದ ಹೊಣೆ ಹೊತ್ತ ಬ್ರಯನ್ ಡೇಬಲ್ ಈ ಅವಧಿಯುದ್ದಕ್ಕೂ ಬದಲಾಗಲಿಲ್ಲ. ಬಿಡುವಿನ ತಿಂಗಳುಗಳಲ್ಲಿ ಅಲೆನ್ ತಮ್ಮ ಎಸೆತದ ಭಂಗಿಯನ್ನೇ ತಿದ್ದಿಕೊಂಡರು. ಆ ಶ್ರಮ ಅವರದು, ಅದನ್ನು ಯಾವ ಆಡಳಿತವೂ ಕೊಂಡು ತರಲಾರದು. ಆದರೆ ಆ ಶ್ರಮ ಫಲಿಸಲು ಬೇಕಾದ ಸಮಯವನ್ನು ಬಫಲೋ ಕೊಟ್ಟಿತು.

ರೋಸೆನ್ ಅವರಿಗೆ ಆ ಸಮಯ ಸಿಗಲಿಲ್ಲ. 10ನೇ ಸರದಿಯಲ್ಲಿ ಅವರನ್ನು ಆರಿಸಿದ ಅರಿಜೋನಾ ಆ ಋತುವಿನ ಮಧ್ಯದಲ್ಲೇ ಆಕ್ರಮಣದ ತರಬೇತುದಾರರನ್ನು ತೆಗೆಯಿತು, ಋತು ಮುಗಿದ ಮೇಲೆ ಮುಖ್ಯ ತರಬೇತುದಾರರನ್ನೂ ತೆಗೆಯಿತು, ಮರು ವರ್ಷ ಮೊದಲ ಸರದಿಯಲ್ಲಿ ಕೈಲರ್ ಮರ್ರಿ ಅವರನ್ನು ತಂದು ರೋಸೆನ್ ಅವರನ್ನು ಮಯಾಮಿಗೆ ಸಾಗಹಾಕಿತು. ಹಾಗೆಂದು ಎಲ್ಲವನ್ನೂ ಸಂದರ್ಭದ ಮೇಲೆ ಹಾಕಿ ನಿಮ್ಮನ್ನು ಸಮಾಧಾನಪಡಿಸುವುದು ನನ್ನಿಂದಾಗದು. ಮಯಾಮಿಯಲ್ಲೂ ನಂತರದ ತಂಡಗಳಲ್ಲೂ ಅವರು ನೆಲೆ ನಿಲ್ಲಲಿಲ್ಲ. ಬಫಲೋಗೆ ಬಂದಿದ್ದರೆ ಅವರು ಇನ್ನೊಬ್ಬ ಅಲೆನ್ ಆಗುತ್ತಿದ್ದರೆಂದು ನಾನು ನಂಬುವುದಿಲ್ಲ. ಆದರೆ ಅಲೆನ್ ಅರಿಜೋನಾಕ್ಕೆ ಹೋಗಿದ್ದರೆ ಇಂದಿನ ಅಲೆನ್ ಆಗುತ್ತಿದ್ದರೆಂದು ನಿಮ್ಮ ಗೆಳೆಯರೂ ಎದೆ ತಟ್ಟಿ ಹೇಳಲಾರರು.

ಅದೇ ಡ್ರಾಫ್ಟ್‌ನ ಲಮಾರ್ ಜಾಕ್ಸನ್ ಅವರ ಪ್ರಕರಣ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಕಾಲೇಜು ಆಟದ ಅತ್ಯುನ್ನತ ಗೌರವವಾದ ಹೈಸ್‌ಮನ್ ಟ್ರೋಫಿಯನ್ನು 2016ರಲ್ಲೇ ಗೆದ್ದಿದ್ದ ಈ ಕಪ್ಪು ಆಟಗಾರನಿಗೆ, ಕ್ವಾರ್ಟರ್‌ಬ್ಯಾಕ್ ಸ್ಥಾನ ಬಿಟ್ಟು ಪಾಸ್ ಹಿಡಿಯುವವನಾಗು ಎಂದು ಬುದ್ಧಿ ಹೇಳಿದವರಿದ್ದರು. ಆ ಸಲಹೆಯ ಹಿಂದೆ ಹಳೆಯ ಪೂರ್ವಗ್ರಹವಿತ್ತೆಂದು ಹೇಳಲು ನನಗೆ ಸಂಕೋಚವಿಲ್ಲ. ಬಾಲ್ಟಿಮೋರ್ ರೇವನ್ಸ್ ಅವರನ್ನು ಮೊದಲ ಸುತ್ತಿನ ಕೊನೆಯ, ಅಂದರೆ 32ನೇ ಸರದಿಯಲ್ಲಿ ಆರಿಸಿತು, ಅವರ ಓಟಕ್ಕೆ ಹೊಂದುವಂತೆ ತನ್ನ ಆಕ್ರಮಣವನ್ನೇ ಹೊಸದಾಗಿ ಕಟ್ಟಿತು. 2019ರಲ್ಲಿ ಒಂದು ಮತವೂ ಬೇರೆಯವರಿಗೆ ಹೋಗದಂತೆ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಅವರದಾಯಿತು. ಅವರಿಗಿಂತ ಮೊದಲು ನಾಲ್ವರು ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾಗಿದ್ದರು. ಬಫಲೋ ವಾದಗಳಲ್ಲಿ ಜಾಕ್ಸನ್ ಹೆಸರು ಎಷ್ಟು ಬಾರಿ ಬಂತೆಂದು ನಿಮ್ಮ ಗೆಳೆಯರನ್ನೇ ಕೇಳಿ.

ಸಂಶೋಧಕರಾದ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಹಲವು ವರ್ಷಗಳ ಡ್ರಾಫ್ಟ್‌ಗಳನ್ನು ಪರಿಶೀಲಿಸಿ, ಒಂದೇ ಸ್ಥಾನಕ್ಕೆ ಒಬ್ಬರ ನಂತರ ಒಬ್ಬರಂತೆ ಆಯ್ಕೆಯಾದ ಇಬ್ಬರಲ್ಲಿ ಮೊದಲು ಆಯ್ಕೆಯಾದವರೇ ಮೇಲೆನಿಸುವ ಸಾಧ್ಯತೆ ಶೇ 52ರಷ್ಟು ಮಾತ್ರ ಎಂದು ತೋರಿಸಿದ್ದಾರೆ. ನಾಣ್ಯ ಚಿಮ್ಮಿದರೆ ಸಿಗುವ ಫಲಕ್ಕಿಂತ ಅದು ಬಹಳವೇನೂ ಮೇಲಲ್ಲ. ಹಾಗಿರುವಾಗ ಅಭಿಮಾನಿಗಳು ಚರ್ಚಿಸಬೇಕಾದದ್ದು ಬೆಲೆಯನ್ನು. ನ್ಯೂಯಾರ್ಕ್ ಜೆಟ್ಸ್ ಆ ವರ್ಷ ಆರನೇ ಸರದಿಯಿಂದ ಮೂರಕ್ಕೆ ಏರಲು ಎರಡನೇ ಸುತ್ತಿನ ಮೂರು ಸರದಿಗಳನ್ನು ತೆತ್ತು ಸ್ಯಾಮ್ ಡಾರ್ನಾಲ್ಡ್ ಅವರನ್ನು ತಂದಿತು, ಮೂರು ವರ್ಷಕ್ಕೆ ಅವರನ್ನು ಬಿಟ್ಟುಕೊಟ್ಟಿತು. ಅದೇ ಡಾರ್ನಾಲ್ಡ್ 2024ರಲ್ಲಿ ಮಿನೆಸೋಟಾ ತಂಡದೊಂದಿಗೆ 14 ಪಂದ್ಯ ಗೆದ್ದರು. ಜೆಟ್ಸ್ ಆಳನ್ನು ಗುರುತಿಸುವಲ್ಲಿ ಎಡವಿತೆನ್ನುವುದಕ್ಕಿಂತ, ತಾನು ತೆತ್ತ ಬೆಲೆಗೆ ತಕ್ಕ ಆರೈಕೆ ಮಾಡಲಿಲ್ಲವೆನ್ನುವುದು ನನಗೆ ಹೆಚ್ಚು ಸರಿ ಕಾಣುತ್ತದೆ.

ಇನ್ನು ಮಹೋಮ್ಸ್. 2017ರಲ್ಲಿ ಬಿಲ್ಸ್ ತನ್ನ 10ನೇ ಸರದಿಯನ್ನು ಕ್ಯಾನ್ಸಸ್ ಸಿಟಿಗೆ ಕೊಟ್ಟಿತು, ಅವರು ಅದರಲ್ಲಿ ಮಹೋಮ್ಸ್ ಅವರನ್ನು ಆರಿಸಿದರು, ಮುಂದೆ ಅದೇ ತಂಡ ನಾಲ್ಕು ಋತುಗಳ ಪ್ಲೇಆಫ್‌ಗಳಲ್ಲಿ ನಿಮ್ಮವರನ್ನು ಮನೆಗೆ ಕಳಿಸಿತು. ಕೊರಗು ಸಹಜ. ಆದರೆ ಆ ಏಪ್ರಿಲ್‌ನಲ್ಲಿ ಬಫಲೋದಲ್ಲಿ ಮುಖ್ಯ ತರಬೇತುದಾರರು ಹೊಸಬರು, ಜನರಲ್ ಮ್ಯಾನೇಜರ್ ಅವರನ್ನು ಡ್ರಾಫ್ಟ್ ಮುಗಿದ ಮರುದಿನವೇ ಕೆಲಸದಿಂದ ತೆಗೆಯಲಾಯಿತು. ಕ್ಯಾನ್ಸಸ್ ಸಿಟಿಯಲ್ಲಾದರೋ ಮುಖ್ಯ ತರಬೇತುದಾರ ಆಂಡಿ ರೀಡ್ ಅವರ ಕೈಕೆಳಗೆ, ಅನುಭವಿ ಅಲೆಕ್ಸ್ ಸ್ಮಿತ್ ಅವರ ಹಿಂದೆ ಕುಳಿತು ಕಲಿಯಲು ಮಹೋಮ್ಸ್ ಅವರಿಗೆ ಇಡೀ ಒಂದು ವರ್ಷ ದೊರೆಯಿತು. ಆ ವ್ಯವಹಾರದಲ್ಲಿ ಬಿಲ್ಸ್‌ಗೆ 2018ರ ಮೊದಲ ಸುತ್ತಿನ ಇನ್ನೊಂದು ಸರದಿ ಬಂತು. ಅದು ಕೈಯಲ್ಲಿದ್ದುದರಿಂದಲೇ, 12ನೇ ಸರದಿಯ ಜೊತೆಗೆ ಎರಡನೇ ಸುತ್ತಿನ ಎರಡನ್ನೂ ಟ್ಯಾಂಪಾ ಬೇಗೆ ಕೊಟ್ಟು ಅಲೆನ್‌ಗಾಗಿ ಏಳಕ್ಕೆ ಏರುವ ಧೈರ್ಯ ಅವರಿಗೆ ಬಂದಿತೆಂದು ನಾನು ಭಾವಿಸುತ್ತೇನೆ.

— ಸಂಪಾದಕ