ಮೀನಿನ ಫೋಟೋಗೆ ಹೊಸ ಕ್ಯಾಮೆರಾ ಬೇಕಾ?

ಪ್ರಶ್ನೆ: ಮನೇಲಿ ಎರಡಡಿ ಟ್ಯಾಂಕ್ ಇದೆ, ಗಪ್ಪಿ ಮತ್ತೆ ನಿಯಾನ್ ಟೆಟ್ರಾ ಸಾಕಿದೀನಿ. ಕಣ್ಣಿಗೆ ಎಷ್ಟ್ ಚಂದ ಕಾಣ್ತವೋ ಮೊಬೈಲಲ್ಲಿ ತೆಗೆದ್ರೆ ಅಷ್ಟೇ ಮಸುಕು. ಗಾಜಲ್ಲಿ ನನ್ ಮುಖಾನೇ ಕಾಣುತ್ತೆ, ಫ್ಲ್ಯಾಶ್ ಹಾಕಿದ್ರೆ ಬರೀ ಬಿಳಿ ಮಚ್ಚೆ. ಒಳ್ಳೆ ಕ್ಯಾಮೆರಾ ತಗೊಳ್ಳೋದೇ ದಾರಿನಾ?

ಉತ್ತರ: ಬೇಡ, ಈಗ್ಲೇ ದುಡ್ಡು ಹಾಕ್ಬೇಡಿ. ನಿಮ್ ತೊಂದರೆ ಇರೋದು ಗಾಜು ಮತ್ತೆ ಬೆಳಕಲ್ಲಿ. ರೂಮಿನ ಲೈಟೆಲ್ಲ ಆರಿಸಿ, ಕಿಟಕಿ ಪರದೆ ಎಳೀರಿ, ಟ್ಯಾಂಕ್ ಮೇಲಿನ ಲೈಟ್ ಒಂದೇ ಉರೀಲಿ, ಕಪ್ಪು ಬಟ್ಟೆ ಹಾಕೊಂಡ್ರೆ ಇನ್ನೂ ಒಳ್ಳೇದು, ಪ್ರತಿಬಿಂಬ ಮುಕ್ಕಾಲು ಪಾಲು ಹೋಯ್ತು ಅಂತಲೇ ಲೆಕ್ಕ. ಮೊಬೈಲನ್ನ ಗಾಜಿಗೆ ಸಮಾನಾಂತರವಾಗಿ, ಹೆಚ್ಚುಕಡಿಮೆ ತಾಗೋ ಹಾಗೆ ಹಿಡೀರಿ. ಓರೆಯಾಗಿ ಹಿಡಿದ್ರೆ ನೀರು ಗಾಜು ಎರಡೂ ಬೆಳಕನ್ನ ಬಗ್ಗಿಸಿ ಮೀನಿನ ಅಂಚು ಕಲಸಿದ ಹಾಗೆ ಬರುತ್ತೆ, ಆಗ ಎಷ್ಟು ದುಬಾರಿ ಲೆನ್ಸ್ ಇದ್ರೂ ಉಪಯೋಗ ಇಲ್ಲ. ಹಿಂದಿನ ದಿನಾನೇ ಗಾಜಿನ ಒಳಗಿನ ಪಾಚಿ ಉಜ್ಜಿ ತೆಗೆದಿಡಿ, ಅದೇ ದಿನ ಉಜ್ಜಿದ್ರೆ ನೀರಲ್ಲೆಲ್ಲ ಕಸ ತೇಲುತ್ತೆ.

ಮೊಬೈಲಿನ ಫ್ಲ್ಯಾಶ್ ಮರ್ತುಬಿಡಿ. ಅದು ನೇರ ಗಾಜಿಗೆ ಹೊಡ್ದು ವಾಪಸ್ ಬರುತ್ತೆ, ಆ ಬಿಳಿ ಮಚ್ಚೆ ಅದೇ. ಬೆಳಕು ಯಾವಾಗ್ಲೂ ಮೇಲಿಂದ ಬರ್ಬೇಕು, ಸಾಲ್ದಿದ್ರೆ ಇನ್ನೊಂದು ಎಲ್‌ಇಡಿ ಲೈಟನ್ನ ಟ್ಯಾಂಕ್ ಮೇಲಿಡಿ, ನೀರಿಗೆ ಬೀಳದ ಹಾಗೆ ಭದ್ರವಾಗಿ. ಮೊಬೈಲಲ್ಲಿ ಪ್ರೊ ಮೋಡ್ (ಸೆಟ್ಟಿಂಗ್ ಎಲ್ಲ ನಾವೇ ಹೊಂದಿಸ್ಕೊಳ್ಳೋ ಆಯ್ಕೆ) ಇದ್ರೆ ಶಟರ್, ಅಂದ್ರೆ ಬೆಳಕು ಒಳಗೆ ಬಿಡೋ ಸಮಯ, 1/200 ಸೆಕೆಂಡ್ ಇಡಿ, ಐಎಸ್‌ಒ, ಅಂದ್ರೆ ಕ್ಯಾಮೆರಾ ಬೆಳಕನ್ನ ಎಷ್ಟು ಹೆಚ್ಚಿಸಿ ತೋರಿಸ್ಬೇಕು ಅನ್ನೋ ಅಳತೆ, 800ರಿಂದ ಶುರು ಮಾಡಿ, ಕತ್ತಲೆ ಅನ್ಸಿದ್ರೆ 1600ಕ್ಕೆ ಏರಿಸಿ, ಸ್ವಲ್ಪ ಕಾಳು ಕಾಳಾಗಿ ಬಂದ್ರೂ ಪರ್ವಾಗಿಲ್ಲ, ಅಲುಗಾಡಿದ ಮೀನಿಗಿಂತ ಅದೇ ವಾಸಿ. ಫೋಟೋದಲ್ಲಿ ಅಡ್ಡಡ್ಡ ಪಟ್ಟಿ ಬಂದ್ರೆ ಅದು ಲೈಟ್ ಮಿನುಗೋದ್ರಿಂದ, ಶಟರ್ ಒಂಚೂರು ನಿಧಾನ ಮಾಡಿ.

ನಂಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಕಾಯೋದು. ಮೀನಿನ ಹಿಂದೆ ಮೊಬೈಲ್ ಓಡಿಸ್ಬೇಡಿ. ಹತ್ ನಿಮಿಷ ಸುಮ್ನೆ ಕೂತು ನೋಡಿ, ಒಂದೊಂದು ಮೀನು ಓಡಾಡೋ ದಾರಿ ಒಂದೇ ಇರುತ್ತೆ, ಆ ಗಿಡದ ಹತ್ರ ಬರುತ್ತೆ, ತಿರುಗುತ್ತೆ, ತಿರುಗೋ ಮುಂಚೆ ಅರೆಕ್ಷಣ ನಿಲ್ಲುತ್ತೆ. ಆ ಗಿಡದ ಎಲೆಗೆ ಮೊದ್ಲೇ ಫೋಕಸ್ ಲಾಕ್ ಮಾಡಿಟ್ಕೊಂಡು ಮೀನು ಅಲ್ಲಿಗೆ ಬಂದ ಕೂಡ್ಲೇ ಬರ್ಸ್ಟ್ (ಒಂದರ ಹಿಂದೊಂದು ಬೇಗ ಬೇಗ ಫೋಟೋ ತೆಗೆಯೋದು) ಒತ್ತಿ, ಮೂವತ್ತರಲ್ಲಿ ಎರಡು ಚೆನ್ನಾಗಿ ಬಂದ್ರೆ ಅದೇ ದೊಡ್ಡದು. ಆರಿಸುವಾಗ ಕಣ್ಣು ನೋಡಿ, ಕಣ್ಣು ಚೂಪಾಗಿದ್ರೆ ಬಾಲ ಮಸುಕಾಗಿದ್ರೂ ಫೋಟೋ ಜೀವಂತ ಇರುತ್ತೆ. ಗುಳ್ಳೆ ಕಾಟ ಅಂತ ಟ್ಯಾಂಕ್ ನೀರಿನ ಫಿಲ್ಟರ್ ಆಫ್ ಮಾಡಿದ್ರೆ ಮಾತ್ರ ದಯವಿಟ್ಟು ಮರೀದೇ ಆನ್ ಮಾಡಿ. ಗಾಜು ಅಂತೂ ತಟ್ಲೇಬೇಡಿ, ಪಾಪ, ಹೆದರಿ ಬಣ್ಣ ಬಿಟ್ಕೊಳ್ತವೆ.

ಪ್ರಶ್ನೆ: ನಿಯಾನ್ ಟೆಟ್ರಾದ ನೀಲಿ ಗೆರೆ ಒಂದ್ ಫೋಟೋದಲ್ಲಿ ನೀಲಿ, ಇನ್ನೊಂದ್ರಲ್ಲಿ ಹಸಿರು. ಕಾಯಿಲೆನಾ?

ಉತ್ತರ: ಅಲ್ಲ. ಆ ನೀಲಿ ಬಣ್ಣ ಬಳಿದಂಗೆ ಇರೋದಲ್ಲ, ಚರ್ಮದೊಳಗಿನ ತೆಳು ತೆಳು ಹರಳುಗಳು ಬೆಳಕನ್ನ ವಾಪಸ್ ಎಸೆಯೋದ್ರಿಂದ ಕಾಣೋದು, ಹಾಗಾಗಿ ಕೋನ ಬದಲಾದ್ರೆ ಬಣ್ಣಾನೂ ಬದಲಾಗುತ್ತೆ. ರಾತ್ರಿ ಕತ್ತಲಲ್ಲಿ ಗೆರೆ ಮಂಕಾಗೋದೂ ಸಹಜ. ಅದಕ್ಕೇ ಬೆಳಿಗ್ಗೆ ಲೈಟ್ ಹಾಕಿದ ತಕ್ಷಣ ತೆಗೀಬೇಡಿ, ಅರ್ಧ ಗಂಟೆ ಬಿಟ್ಟು ತೆಗೀರಿ.